ಇದು ಕಥೆಯೋ, ನೆನಪೋ? ಮೊದಲು ಹೇಳಿ ಸ್ವಾಮಿ!

ಮೊನ್ನೆ ಭಾನುವಾರ ನಮ್ಮ ಕನ್ನಡ ಬಳಗದ ರಾಜ್ಯೋತ್ಸವ ಸ್ಮರಣ ಸಂಚಿಕೆಗೆ ಬಂದ ಬರಹಗಳನ್ನೆಲ್ಲಾ ಊಟದ ಮೇಜಿನ ಮೇಲೆ ಹರವಿಕೊಂಡು ಕೂತಿದ್ದೆ. ಸಂಪಾದಕ ಮಂಡಳಿಯಲ್ಲಿ ಹೆಸರಿಗೆ ಐದು ಜನ, ಕೆಲಸಕ್ಕೆ ನಾನೊಬ್ಬ. ಬ್ಯಾಂಕಿನವನು, ತಪ್ಪು ಹುಡುಕೋದು ಇವನಿಗೆ ರೂಢಿ ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಕಿಟಕಿಯಾಚೆ ಬಾಲಾನಗರದ ಲೇಥ್ ಷೆಡ್ಡುಗಳು ಭಾನುವಾರ ಅನ್ನೋದನ್ನೂ ನೋಡದೆ ಕಿರ್ರೋ ಅಂತಿದ್ದವು. ಒಳಗೆ ನನ್ನ ತಲೆಯೂ ಅದೇ ಸ್ಥಿತಿಯಲ್ಲಿತ್ತು.

ಒಂದು ಬರಹ ಕೈಗೆ ಬಂತು. ಮಾದಾಪುರದ ಕಡೆ ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗನದು. ಮೈಸೂರಿನಲ್ಲಿ ಒಬ್ಬರೇ ಇರುವ ಅಜ್ಜಿ, ಮಾರಾಟಕ್ಕಿಟ್ಟ ಮನೆ, ಮೊಮ್ಮಗ ಸಹಿ ಹಾಕಲು ರೈಲು ಹತ್ತುವುದು... ಚೆನ್ನಾಗಿಯೇ ಬರೆದಿದ್ದ. ಆದರೆ ಓದಿ ಮುಗಿಸಿದರೂ ನನಗೊಂದು ಗೊತ್ತಾಗಲಿಲ್ಲ. ಅಜ್ಜಿ ನಿಜಕ್ಕೂ ಇದ್ದಾರಾ? ಮನೆ ಮಾರಿಬಿಟ್ಟರಾ? ಫೋನ್ ಮಾಡಿದೆ.

"ಇದು ಕಥೆಯೋ, ನೆನಪೋ ಮರಿ? ವಿಷಯಸೂಚಿಯಲ್ಲಿ ಯಾವುದರ ಕೆಳಗೆ ಹಾಕಲಿ?"

"ಅಯ್ಯೋ ಅಂಕಲ್, ಈಗೆಲ್ಲಾ ಜಾನರ್ ಅಂತ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಬರಹ ಅಂತ ಹಾಕಿ, ಸಾಕು."

ಸಾಕಂತೆ! ಅಲ್ಲಿಂದ ಶುರುವಾದ ಸಿಟ್ಟು ಇನ್ನೂ ಇಳಿದಿಲ್ಲ. ಅದನ್ನೇ ಇಲ್ಲಿ ಕಕ್ಕುತ್ತಿದ್ದೇನೆ, ಸಹಿಸಿಕೊಳ್ಳಿ.

ನಾನು ಓದಿದ್ದು ಬಿ.ಕಾಂ., ಅದೂ ರಾಯಚೂರಿನಲ್ಲಿ. ಸಾಹಿತ್ಯದ ಮೀಮಾಂಸೆ ನನಗೆ ಗೊತ್ತಿಲ್ಲ. ಆದರೆ ಕಾಗದದ ಮೇಲೆ ಬರೆದದ್ದಕ್ಕೆ ಒಂದು ಜಾತಿ ಇರುತ್ತೆ, ಆ ಜಾತಿಗೊಂದು ಜವಾಬ್ದಾರಿ ಇರುತ್ತೆ ಅನ್ನೋದು ನನ್ನ ಅನ್ನದ ವಿಷಯ. ಚೆಕ್ ಬೇರೆ, ಪ್ರಾಮಿಸರಿ ನೋಟ್ ಬೇರೆ. 1881ರ ಕಾಯ್ದೆಯೇ ಅವುಗಳನ್ನು ಬೇರೆ ಬೇರೆ ಹೆಸರಿಟ್ಟು ವಿವರಿಸಿದೆ. ಚೆಕ್ಕಿನ ಮೂಲೆಯಲ್ಲಿ ಎರಡು ಗೆರೆ ಎಳೆದರೆ ಅದನ್ನು ಕೌಂಟರಿನಲ್ಲಿ ಕೊಟ್ಟು ನಗದು ಪಡೆಯುವ ಹಾಗಿಲ್ಲ. ಎರಡೇ ಗೆರೆ ಸ್ವಾಮಿ! ಆದರೆ ಆ ಎರಡು ಗೆರೆ ಬರೆದವನ ಮಾತು.

ನಮ್ಮಲ್ಲಿ ಮಿಸ್‌ಸೆಲ್ಲಿಂಗ್ ಅನ್ನೋ ಇನ್ನೊಂದು ಪಿಡುಗಿದೆ. ವಯಸ್ಸಾದವರು ಎಫ್‌ಡಿ ಮಾಡಿಸಲು ಬರುತ್ತಾರೆ, ಹೊರಗೆ ಹೋಗುವಾಗ ಕೈಯಲ್ಲಿ ಇನ್ಶೂರೆನ್ಸ್ ಪಾಲಿಸಿ ಇರುತ್ತೆ. ಪಾಲಿಸಿ ಕೆಟ್ಟದ್ದು ಅಂತಲ್ಲ, ಬೇಕಾದವರಿಗೆ ಅದು ಒಳ್ಳೆಯದೇ. ಆದರೆ ಆ ಹಿರಿಯರು ಇಟ್ಟ ನಂಬಿಕೆ ಒಂದು, ಅವರಿಗೆ ಸಿಕ್ಕ ವಸ್ತು ಇನ್ನೊಂದು. ನನ್ನ ಪ್ರಕಾರ ಸಾಹಿತ್ಯದ 'ಪ್ರಕಾರ' ಅಂದರೂ ಇಷ್ಟೇ. ಓದುಗ ತನ್ನ ನಂಬಿಕೆಯನ್ನು ಯಾವ ಖಾತೆಗೆ ಜಮಾ ಮಾಡಬೇಕು ಅಂತ ಲೇಖಕ ಮೊದಲೇ ಹೇಳುವ ಮಾತು. ಕಥೆ ಅಂದರೆ ಓದುಗ ನಿಜವೋ ಸುಳ್ಳೋ ಅಂತ ಕೇಳೋದಿಲ್ಲ, ನಂಬುವ ಹಾಗಿದೆಯೋ ಅಂತ ನೋಡುತ್ತಾನೆ. ನೆನಪು ಅಂದರೆ ನಡೆದದ್ದು ಅಂತ ನಂಬಿಯೇ ಒಳಗೆ ಬರುತ್ತಾನೆ. 'ಬರಹ' ಅಂತ ಹಾಕಿದರೆ? ನಿಜದ ಬೆಲೆಯೂ ನನಗೇ ಬರಲಿ, ಕಲ್ಪನೆಯ ಸಲುಗೆಯೂ ನನಗೇ ಇರಲಿ ಅಂತ ಅರ್ಥ. ಇದು ಬಂಡಾಯ ಅಲ್ಲ, ಜಾಣತನ.

ಇಷ್ಟು ಗಟ್ಟಿಯಾಗಿ ಹೇಳುವ ಹಕ್ಕು ನನಗೆ ಹೇಗೆ ಬಂತು ಅಂತ ಕೇಳಬಹುದು. ತಪ್ಪು ಮಾಡಿ ಬಂತು.

2008ರಲ್ಲಿ ನನ್ನ ಸಹೋದ್ಯೋಗಿಯೊಬ್ಬರು ತೀರಿಕೊಂಡರು. ಬೀದರ ಜಿಲ್ಲೆಯವರು, ನನಗಿಂತ ಹಿರಿಯರು, ಕ್ಯಾಷ್ ಕೌಂಟರಿನಲ್ಲಿ ನನಗೆ ನೋಟು ಎಣಿಸುವುದನ್ನು ಕಲಿಸಿದವರು. ಆ ವರ್ಷದ ಸಂಚಿಕೆಗೆ ಅವರ ಬಗ್ಗೆ ಬರೆದೆ. ಮೇಲೆ 'ನೆನಪು' ಅಂತಲೇ ಹಾಕಿದ್ದರು. ಎಲ್ಲಾ ನಿಜವೇ ಬರೆದಿದ್ದೆ, ಕೊನೆ ಮಾತ್ರ ಸಪ್ಪೆ ಅನ್ನಿಸಿತು. ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಿದಾಗ ಅವರು ನನ್ನ ಕೈ ಹಿಡಿದು "ಒಮ್ಮೆ ನಮ್ಮ ಹೊಲದ ಬಾವಿ ನೋಡಬೇಕು" ಅಂದರು ಅಂತ ಸೇರಿಸಿಬಿಟ್ಟೆ. ಅವರು ಹಾಗೆ ಅಂದಿರಲಿಲ್ಲ. ಅವತ್ತು ಅವರಿಗೆ ಮಾತಾಡುವ ಶಕ್ತಿಯೇ ಇರಲಿಲ್ಲ. ಓದಿದವರೆಲ್ಲಾ ಕಣ್ಣು ಒರೆಸಿಕೊಂಡರು, ನನಗೆ ಫೋನುಗಳು ಬಂದವು. ಉಬ್ಬಿದೆ.

ಹದಿನೈದು ದಿನಕ್ಕೆ ಅವರ ಮನೆಯವರು ಸಂಚಿಕೆ ಹಿಡಿದುಕೊಂಡು ಬಂದರು. ಚಹಾ ಮುಟ್ಟಲಿಲ್ಲ. "ಅಣ್ಣಾರ, ಇವರು ಹಿಂಗ ಅಂದಿದ್ರೇನ್ರಿ? ನನಗ ಯಾಕ ಹೇಳಲಿಲ್ಲ? ಹೆಂಗಾರ ಮಾಡಿ, ಅಂಬುಲೆನ್ಸಿನ್ಯಾಗಾದರೂ ಊರಿಗೆ ಒಯ್ತಿದ್ದೆ."

ಗಂಡನ ಕೊನೆಯ ಆಸೆ ತನ್ನಿಂದ ತಪ್ಪಿತು ಅಂತ ಆ ಹೆಣ್ಣುಮಗಳು ಹದಿನೈದು ದಿನ ನಿದ್ದೆಗೆಟ್ಟಿದ್ದರು. ನಾನು ತಲೆ ತಗ್ಗಿಸಿ, "ಇಲ್ಲ ವೈನಿ, ಅದು ನಾನು ಸೇರಿಸಿದ್ದು" ಅಂದೆ. ಬಹಳ ಹೊತ್ತು ಸುಮ್ಮನಿದ್ದರು. ಬೈಯಲಿಲ್ಲ. ಏಳುವಾಗ ಒಂದೇ ಮಾತು ಅಂದರು. "ಹಂಗಿದ್ರ ಮ್ಯಾಲ ಕಥಿ ಅಂತ ಬರೀಬೇಕಿತ್ತಲ್ರಿ."

ಪ್ರಕಾರದ ಬಗ್ಗೆ ನಾನು ಕೇಳಿದ ಅತ್ಯಂತ ದೊಡ್ಡ ಪಾಠ ಅದು. ಅವರು ಓದಿದ್ದು ಏಳನೇ ಇಯತ್ತೆ.

ಕಥೆ ಅಂತ ಬರೆದಿದ್ದರೆ ಆ ಬಾವಿ ಯಾರಿಗೂ ನೋವು ಕೊಡುತ್ತಿರಲಿಲ್ಲ. ಪ್ರಕಾರದ ಹೆಸರು ಲೇಖಕನನ್ನು ಕಟ್ಟಿಹಾಕುತ್ತೆ ಅಂತಾರಲ್ಲ, ಉಲ್ಟಾ ನೋಡಿ, ಅದು ಬದುಕಿರುವವರನ್ನು ಕಾಯುತ್ತೆ. ನಮ್ಮ ಹಾಗೇ ಊರು ಬಿಟ್ಟು ಮುಂಬಯಿ ಸೇರಿದ ಯಶವಂತ ಚಿತ್ತಾಲರು ಪ್ಲಾಸ್ಟಿಕ್ ಉದ್ಯಮದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. 1979ರ 'ಶಿಕಾರಿ'ಯಲ್ಲಿ ಕಂಪನಿಯೊಳಗಿನ ಸಂಚು, ಭಯ, ಅವಮಾನ ಎಲ್ಲಾ ಬರೆದರು. ಕಾದಂಬರಿ ಅಂದರು, ಕಾದಂಬರಿಯ ಕಟ್ಟುಪಾಡಿಗೆ ತಕ್ಕಂತೆ ಬರೆದರು. ಓದುವ ನಾವು ನಾಗನಾಥನ ಎದೆಬಡಿತ ಕೇಳುತ್ತೇವೆ, ಅದು ಯಾವ ಕಂಪನಿ ಅಂತ ವಿಳಾಸ ಹುಡುಕೋದಿಲ್ಲ.

ಇನ್ನು ಕೆಲವರ ವಾದ, "ಈ ಪ್ರಕಾರ ಗಿಕಾರ ಎಲ್ಲಾ ಇಂಗ್ಲಿಷಿನಿಂದ ಬಂದ ಕಾಯಿಲೆ." ಸ್ವಾಮಿ, ಹೈದರಾಬಾದಿನಲ್ಲಿ ಕೂತು ಈ ಮಾತು ಆಡಬೇಡಿ! ಒಂಬತ್ತನೇ ಶತಮಾನದ ಕವಿರಾಜಮಾರ್ಗ ಆಗಲೇ ಚತ್ತಾಣ, ಬೆದಂಡೆ ಅಂತ ಕನ್ನಡ ಕಾವ್ಯದ ಬಗೆಗಳನ್ನು ಹೆಸರಿಸುತ್ತೆ. ಅದು ಹುಟ್ಟಿದ್ದು ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ, ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ, 1948ರವರೆಗೂ ಇದೇ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಪಂಪ 941ರ ಸುಮಾರಿಗೆ ಎರಡು ಚಂಪೂಕಾವ್ಯ ಬರೆದ. ಅವನ ಆಶ್ರಯದಾತ ಅರಿಕೇಸರಿಯ ವೇಮುಲವಾಡ ಇರೋದು ಈಗಿನ ತೆಲಂಗಾಣದ ರಾಜನ್ನ ಸಿರಿಸಿಲ್ಲ ಜಿಲ್ಲೆಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ನೋಡಿಕೊಂಡು ವಾಪಸ್ ಬರಬಹುದು. ಎರಡೂ ಚಂಪುವೇ ಆದರೂ ಓದುಗನಿಗೆ ಗೊಂದಲ ಬೇಡ ಅಂತ, ಒಂದರಲ್ಲಿ ಲೌಕಿಕ, ಇನ್ನೊಂದರಲ್ಲಿ ಜಿನಾಗಮ ಅಂತ ಪಂಪ ತಾನೇ ವಿಂಗಡಿಸಿ ಹೇಳಿದ. ಆದಿಕವಿಗೆ ಇದ್ದ ಈ ಸೌಜನ್ಯ ನಮಗೆ ಭಾರವಾಯಿತೇ?

ಇನ್ನೂ ಹತ್ತಿರದ್ದು ಕೇಳಿ. ಪಂಪನ ತಮ್ಮ ಜಿನವಲ್ಲಭ ಕರೀಂನಗರದ ಹತ್ತಿರ ಕುರಿಕ್ಯಾಲದ ಗುಡ್ಡದಲ್ಲಿ ಒಂದು ಶಾಸನ ಹಾಕಿಸಿದ್ದಾನೆ. ಅದರಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ತೆಲುಗಿನ ಭಾಗ ಕಂದಪದ್ಯದಲ್ಲಿದೆ, ನಮ್ಮ ಪಂಪನೂ ಬಳಸಿದ ಅದೇ ಕಂದ. ಕೆಲವು ಸಲ ಹೀಗೆ ರೂಪವೇ ಭಾಷೆ ದಾಟುತ್ತೆ. ಕೆಲವು ಸಲ ದಾಟೋದಿಲ್ಲ. ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬಸವಪುರಾಣವನ್ನು ದ್ವಿಪದಿಯಲ್ಲಿ ಹಾಡಿದ. 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದಾಗ ದ್ವಿಪದಿಯನ್ನು ಹೊತ್ತು ತರಲಿಲ್ಲ, ವಾರ್ಧಕ ಷಟ್ಪದಿಯಲ್ಲಿ ಕಟ್ಟಿದ. ಅದೇ ಬಸವಣ್ಣ, ಅದೇ ಕಥೆ, ಎರಡು ಸಾಲಿನ ಬದಲು ಆರು ಸಾಲು. ಯಾಕೆ? ರಾಘವಾಂಕನ ನಂತರ ಕನ್ನಡದ ಕಿವಿ ಷಟ್ಪದಿಗೆ ಪಳಗಿತ್ತು. ಭೀಮಕವಿ ಓದುಗನ ಕಿವಿ ನೋಡಿ ಪ್ರಕಾರ ಆರಿಸಿದ ಅಂತಲೇ ನಾನು ತಿಳಿದಿದ್ದೇನೆ. ಗಡಿ ದಾಟಿ ಬದುಕುವ ನಮಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಬೇಕೇ?

"ಹಾಗಾದರೆ ಮುರಿಯಲೇಬಾರದಾ? ವಚನಕಾರರು ಮುರಿಯಲಿಲ್ಲವೇ? ತೇಜಸ್ವಿ ಮುರಿಯಲಿಲ್ಲವೇ?" ಖಂಡಿತ ಮುರಿದರು. ಆದರೆ ತೇಜಸ್ವಿ 'ಪರಿಸರದ ಕತೆ' ಬರೆಯುವ ಮುಂಚೆ 'ಕರ್ವಾಲೊ' ಅನ್ನೋ ಕಾದಂಬರಿ ಬರೆದು ತೋರಿಸಿದ್ದರು, ಸಣ್ಣ ಕಥೆಗಳಲ್ಲಿ ಕೈ ಪಳಗಿಸಿಕೊಂಡಿದ್ದರು. ನಮ್ಮ ಬ್ಯಾಂಕಿನಲ್ಲಿ ಸಾಲ ಪಡೆದ ಒಬ್ಬ ಲೇಥ್ ಮಾಲೀಕ ಇಲ್ಲೇ ಎರಡು ಬೀದಿ ಆಚೆ ಇದ್ದಾನೆ. ಅವನು ಹೇಳುವ ಮಾತಿದು: "ಸಾರ್, ಅರ್ಧ ಇಂಚಿನ ಬೋಲ್ಟು, 12 ಎಂಎಂ ಬೋಲ್ಟು ನೋಡೋಕೆ ಅಣ್ಣ ತಮ್ಮ. ಒಂದರ ನಟ್ಟು ಇನ್ನೊಂದಕ್ಕೆ ಹಾಕಿದರೆ ಭಾರ ತಡೆಯಲ್ಲ. ಎರಡೂ ಅಲ್ಲದ ಥ್ರೆಡ್ ಬೇಕಾದರೆ ಮಾಡಿಕೊಡ್ತೀನಿ, ಆದರೆ ಡ್ರಾಯಿಂಗ್ ಮೇಲೆ ಬರೆದುಕೊಡಿ." ಬರಹಗಾರ ಮಾಡೋದು ಬೋಲ್ಟು, ನಟ್ಟು ಮೊದಲೇ ಓದುಗನ ಕೈಯಲ್ಲಿದೆ. ಹೊಸ ಥ್ರೆಡ್ ಕೊರೆಯಿರಿ, ಬೇಡ ಅಂದವರಾರು? ಬೇಕೆಂದೇ ಕೊರೆದದ್ದು ಅಂತ ಓದುವವನಿಗೆ ಗೊತ್ತಾಗುವ ಹಾಗೆ ಕೊರೆಯಿರಿ.

ದೊಡ್ಡವರ ಜಗಳಗಳ ಬುಡದಲ್ಲೂ ಇದೇ ಇರುತ್ತೆ. 2007ರಲ್ಲಿ ಭೈರಪ್ಪನವರ 'ಆವರಣ' ಬಂದಾಗ ನಡೆದ ಗಲಾಟೆ ನೆನಪಿದೆಯಾ? ಕಾದಂಬರಿಯೊಳಗೊಂದು ಕಾದಂಬರಿ, ಅದರ ಜೊತೆ ಆಕರ ಗ್ರಂಥಗಳ ಪಟ್ಟಿ. ಭೈರಪ್ಪ ಕಾದಂಬರಿಕಾರರಲ್ಲ, ಚರ್ಚೆ ಮಾಡುವವರು ಅನ್ನುವ ಅರ್ಥದ ಮಾತನ್ನು ಅನಂತಮೂರ್ತಿ ಆಡಿದರು. ಅದು ಪ್ರಕಾರದ ಬಗ್ಗೆ ಆಡಿದ ಮಾತು. ಇದನ್ನು ಕಾದಂಬರಿ ಅಂತ ತೂಗಬೇಕೋ, ಇತಿಹಾಸ ಅಂತ ತೂಗಬೇಕೋ ಅನ್ನೋದು ಇತ್ಯರ್ಥವಾಗದೆ ನಾವು ಎರಡು ಪಂಗಡವಾಗಿ ಕಿತ್ತಾಡಿದೆವು. ನಾನು ಯಾವ ಕಡೆ ಅಂತ ಕೇಳಬೇಡಿ, ಇಲ್ಲಿ ಅದು ವಿಷಯ ಅಲ್ಲ. ತಕ್ಕಡಿ ಯಾವುದು ಅಂತ ಗೊತ್ತಿಲ್ಲದೆ ತೂಕದ ಬಗ್ಗೆ ಜಗಳ ಆಡಿದರೆ ಮುಗಿಯೋದಿಲ್ಲ ಅಂತಷ್ಟೇ ಹೇಳುತ್ತಿದ್ದೇನೆ.

ಈಗ ನಮ್ಮ ಬಳಗದ ಹಿರಿಯರ ಕಡೆಗೂ ತಿರುಗಬೇಕು, ಬರೀ ಹುಡುಗರನ್ನು ಬೈದರೆ ಅನ್ಯಾಯ. ಮೇಜಿನ ಮೇಲಿದ್ದುದರಲ್ಲಿ ಮುಕ್ಕಾಲು ಪಾಲು ಕವನ. ಕನ್ನಡಮ್ಮ, ತಾಯಿ, ಮಳೆ, ಮತ್ತೆ ಕನ್ನಡಮ್ಮ. ಇದರಲ್ಲಿ ಒಬ್ಬರು ಇಲ್ಲಿಯ ಔಷಧಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಚಹಾ ಕುಡಿಯುತ್ತಾ ಮಾತಿಗೆ ಕೂತರೆ ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಾರೆ. ಹೊಸದಾಗಿ ಬಂದಾಗ ಬಾಡಿಗೆ ಮನೆ ಕೇಳಲು ಹೋದರಂತೆ. ಬಾಗಿಲಲ್ಲಿದ್ದ ಅಜ್ಜಿ "ಇಲ್ಲು ಕಾವಾಲಾ?" ಅಂದಳಂತೆ. ಮನೆ ಬೇಕಾ ಅಂತ ಆಕೆ ಕೇಳಿದ್ದನ್ನು ಇವರು 'ಇಲ್ಲ' ಅಂತ ಕೇಳಿಸಿಕೊಂಡು, ಮುಖ ಸಣ್ಣ ಮಾಡಿಕೊಂಡು ವಾಪಸ್ ಬಂದರಂತೆ! ಇದು ಅಪ್ಪಟ ಲಲಿತ ಪ್ರಬಂಧದ ಸರಕು. ಗೊರೂರರ 'ಹಳ್ಳಿಯ ಚಿತ್ರಗಳು', 1937ರಲ್ಲಿ ಬಂದ ಮೂರ್ತಿರಾಯರ 'ಹಗಲುಗನಸುಗಳು' ಇದ್ದ ಮನೆಯವರು ನಾವು. ಆದರೂ ಆ ಮಹಾನುಭಾವರು ಕೊಟ್ಟಿದ್ದು 'ಓ ಭುವನೇಶ್ವರಿ' ಅನ್ನೋ ಇಪ್ಪತ್ತು ಸಾಲು. ಕೇಳಿದರೆ, "ಪ್ರಬಂಧ ಅಂದ್ರೆ ಶಾಲೆ ಹುಡುಗರದ್ದಲ್ವಾ?" ಅಂತಾರೆ.

ಪ್ರಕಾರಗಳ ಪರಿಚಯ ಇಲ್ಲದಿದ್ದರೆ ಆಗೋ ನಷ್ಟ ಇದು. ತನ್ನ ಹತ್ತಿರ ಇರೋ ಬಂಗಾರಕ್ಕೆ ಯಾವ ಪೆಟ್ಟಿಗೆ ಅಂತ ಗೊತ್ತಿಲ್ಲದೆ, ಪಕ್ಕದ ಮನೆಯವರ ಪೆಟ್ಟಿಗೆಯಲ್ಲಿ ಹಿತ್ತಾಳೆ ತುಂಬೋದು. ಇದರಲ್ಲಿ ವಿಮರ್ಶಕರ ಪಾಲೂ ಇದೆ. ಕವನ ಮೇಲೆ, ಕಥೆ ಅದರ ಕೆಳಗೆ, ಹರಟೆ ಇನ್ನೂ ಕೆಳಗೆ, ಪತ್ತೇದಾರಿ ಲೆಕ್ಕಕ್ಕೇ ಇಲ್ಲ ಅಂತ ಶ್ರೇಣಿ ಕಟ್ಟಿದವರು ಅವರು. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ನನಗೆ ಪುಸ್ತಕ ಹಿಡಿಯುವ ಚಟ ಹಚ್ಚಿದ್ದೇ ಅವರ ಪತ್ತೇದಾರ ಪುರುಷೋತ್ತಮ. ಕೊಟ್ಟ ಮಾತಿಗೆ ಅವರು ತಪ್ಪಲಿಲ್ಲ, ಕೊನೆಯ ಪುಟದೊಳಗೆ ಕಳ್ಳ ಸಿಗುತ್ತಿದ್ದ. ಎಷ್ಟು ಜನ 'ಗಂಭೀರ' ಲೇಖಕರ ಬಗ್ಗೆ ಹೀಗೆ ಹೇಳಲು ಸಾಧ್ಯ?

ಊರಲ್ಲಿರುವವರಿಗೆ ಇದು ಅಷ್ಟು ಬಾಧಿಸಲಿಕ್ಕಿಲ್ಲ. ಅವರಿಗೆ ಕೇಳಿ ತಿಳಿಯಲು ಪಕ್ಕದಲ್ಲೇ ಜನ ಇದ್ದಾರೆ. ನಮ್ಮ ಮಕ್ಕಳು ಕನ್ನಡವನ್ನು ಅಕ್ಷರ ಕೂಡಿಸಿ ಓದುವವರು. ಅಜ್ಜನ ಊರು ಹೇಗಿತ್ತು ಅನ್ನೋದಕ್ಕೆ ನಾಳೆ ಅವರ ಕೈಯಲ್ಲಿ ಉಳಿಯೋದು ಈ ಹಳೇ ಸಂಚಿಕೆಗಳೇ. ಅದರಲ್ಲಿ ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಅಂತ ಬರೆದಿಡದಿದ್ದರೆ ಅವರು ಯಾರನ್ನು ಕೇಳಬೇಕು?

ಅದಕ್ಕೇ ಈ ಸಲ ಒಂದು ನಿಯಮ ಮಾಡಿದ್ದೇನೆ. ಪ್ರತಿ ಬರಹದ ಮೇಲೆ ಅದೇನು ಅಂತ ಬರೆದವರೇ ಬರೆದುಕೊಡಬೇಕು. 'ಬರಹ' ಅಂತ ಬಂದರೆ ವಾಪಸ್, ಸಹಿ ಇಲ್ಲದ ಚೆಕ್ಕಿನ ಹಾಗೆ. ಮಂಡಳಿಯ ಉಳಿದ ನಾಲ್ವರು ಆಗಲೇ ಗೊಣಗುತ್ತಿದ್ದಾರೆ.

ಮಾದಾಪುರದ ಹುಡುಗನಿಗೂ ಇದನ್ನೇ ಹೇಳಿದೆ. ಬೇಸರದಿಂದಲೇ "ಸರಿ, ಕಥೆ ಅಂತ ಹಾಕಿ" ಅಂದ. ರಾತ್ರಿ ಹತ್ತೂವರೆಗೆ ಮತ್ತೆ ಅವನದೇ ಫೋನು.

"ಅಂಕಲ್, ಪ್ರೆಸ್ಸಿಗೆ ಕಳಿಸಿಬಿಟ್ರಾ? ಕಥೆ ಅಂದ ಮೇಲೆ ಕೊನೆ ಸರಿಯಾಗಿಲ್ಲ ಅನ್ನಿಸ್ತಿದೆ. ನಿಜವಾಗಿ ನಡೆದದ್ದನ್ನೇ ಬರೆದು ನಿಲ್ಲಿಸಿಬಿಟ್ಟಿದ್ದೆ. ಇನ್ನೆರಡು ದಿನ ಕೊಡ್ತೀರಾ?"

ಕೊಟ್ಟಿದ್ದೇನೆ. ಬುಧವಾರ ಕಾಯುತ್ತಿದ್ದೇನೆ.