ಜಾಡ್ಯವೂ ವದಂತಿಯೂ

ಸಾಂಕ್ರಾಮಿಕ ಜಾಡ್ಯವು ಊರನ್ನು ಹೊಗುವುದಕ್ಕೆ ಮುಂಚೆಯೇ ವದಂತಿಯು ಹೊಕ್ಕಿರುತ್ತದೆ. 2020ನೆಯ ಇಸವಿ ಮಾರ್ಚ್ 10ರಂದು ಕಲಬುರಗಿಯಲ್ಲಿ ಕೋವಿಡ್ ರೋಗದ ಮೊದಲನೆಯ ಸಾವು ಸಂಭವಿಸಿತು. ಭಾರತಕ್ಕೆಲ್ಲ ಅದೇ ಮೊದಲನೆಯದು. ಅಂದಿನಿಂದ, 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯವರು ತುರ್ತುಪರಿಸ್ಥಿತಿಯು ಮುಗಿಯಿತೆಂದು ಸಾರುವವರೆಗೂ, ನಮ್ಮ ಜನರು ಎರಡು ಶತ್ರುಗಳೊಡನೆ ಹೋರಾಡಬೇಕಾಯಿತು. ಭೀತಿಯು ಅಡಗಿರುವ ಈ ಕಾಲದಲ್ಲಿಯೇ ಆ ಮಾತನ್ನು ನಾವು ಎತ್ತುತ್ತಿರುವುದಕ್ಕೆ ಕಾರಣವಿದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದರಿಂದ ಪ್ರಯೋಜನವೇನು?

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುವೆವು. 2020ರ ಬೇಸಗೆಯಲ್ಲಿ, ನಮ್ಮ ನಾಡಿನ ಬಿಸಿಲಿಗೆ ಈ ವೈರಾಣುವು ಉಳಿಯಲಾರದೆಂಬ ಮಾತಿಗೆ ನಮ್ಮ ಪತ್ರಿಕೆಯ ಅಂಕಣಗಳಲ್ಲಿಯೂ ಸ್ಥಳ ದೊರೆತಿತ್ತು. ಮರುವರ್ಷದ ಏಪ್ರಿಲ್-ಮೇ ತಿಂಗಳುಗಳ ಉರಿಬಿಸಿಲಿನಲ್ಲಿಯೇ ಎರಡನೆಯ ಅಲೆಯು ಬಂದು, ಆಮ್ಲಜನಕಕ್ಕಾಗಿ ಜನರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ತಪ್ಪನ್ನು ಅಚ್ಚು ಹಾಕಿದಷ್ಟೇ ದೊಡ್ಡ ಅಕ್ಷರಗಳಲ್ಲಿ ತಿದ್ದುಪಡಿಯನ್ನು ಅಚ್ಚು ಹಾಕುವ ಧೈರ್ಯವು ಪತ್ರಿಕೆಗಳಿಗೆ ಇರಬೇಕು. ಅಂದು ನಮಗೆ ಆ ಧೈರ್ಯವು ಸಾಲದೆ ಹೋಯಿತು.

ವದಂತಿಯು ಬರಿಯ ಮಾತಿನ ದೋಷವಲ್ಲ, ಅದು ಪ್ರಾಣಹಾರಕವು. 2020ರಲ್ಲಿ ಇರಾನ್ ದೇಶದಲ್ಲಿ, ಮದ್ಯವು ರೋಗವನ್ನು ಕೊಲ್ಲುವುದೆಂಬ ಸುದ್ದಿಯನ್ನು ನಂಬಿ ಮೆಥನಾಲ್ ವಿಷವನ್ನು ಕುಡಿದು ನೂರಾರು ಜನರು ಸತ್ತರು. ನಮ್ಮಲ್ಲಿಯೂ 2021ರ ಏಪ್ರಿಲಿನಲ್ಲಿ, ಮೂಗಿಗೆ ನಿಂಬೆಯ ರಸವನ್ನು ಬಿಟ್ಟುಕೊಂಡರೆ ಆಮ್ಲಜನಕವು ಏರುವುದೆಂಬ ಸಲಹೆಯು ಕೈಯಿಂದ ಕೈಗೆ, ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಹರಡಿದವರಲ್ಲಿ ಓದಿದವರೇ ಹೆಚ್ಚು ಮಂದಿ ಇದ್ದರೆಂಬುದನ್ನು ನಾಚಿಕೆಯಿಂದಲೇ ಹೇಳಬೇಕಾಗಿದೆ.

ಆದರೆ ಜನರನ್ನು ಮಾತ್ರವೇ ದೂರುವುದು ನ್ಯಾಯವಲ್ಲ. ಸತ್ಯವು ದೊರೆಯದ ಕಡೆ ಸುಳ್ಳು ಬೆಳೆಯುವುದು ಸಹಜವು. 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಪರಸರ್ಕಾರದ ಸಿಪಾಯಿಗಳು ಮನೆಮನೆಯನ್ನೂ ಹೊಕ್ಕು ಶೋಧಿಸಿದರು. ಜನರು ಹೆದರಿ ರೋಗಿಗಳನ್ನು ಬಚ್ಚಿಟ್ಟರು. ಲೋಕಮಾನ್ಯ ತಿಲಕರು ಆ ದಬ್ಬಾಳಿಕೆಯನ್ನು ‘ಕೇಸರಿ’ಯಲ್ಲಿ ಖಂಡಿಸಿದರಲ್ಲದೆ, ಊರನ್ನು ಬಿಡದೆ ನಿಂತು ಪ್ಲೇಗಿನ ಆಸ್ಪತ್ರೆಯನ್ನು ತೆರೆಯುವುದಕ್ಕೂ ಶ್ರಮಿಸಿದರು. ಅದೇ ವರ್ಷದಲ್ಲಿ ಹುಟ್ಟಿದ ಸಾಂಕ್ರಾಮಿಕ ರೋಗಗಳ ಕಾಯಿದೆಯು ಮೂಲತಃ ನಾಲ್ಕೇ ಪ್ರಕರಣಗಳುಳ್ಳದ್ದು. ಅದು ಸರ್ಕಾರಕ್ಕೆ ಅಧಿಕಾರವನ್ನೂ ಅಧಿಕಾರಿಗಳಿಗೆ ರಕ್ಷಣೆಯನ್ನೂ ಕೊಟ್ಟಿತು. ರೋಗದ ನಿಜಸ್ಥಿತಿಯನ್ನು ದಿನದಿನವೂ ಜನರಿಗೆ ತಿಳಿಸತಕ್ಕದ್ದೆಂಬ ಕರ್ತವ್ಯವನ್ನು ವಿಧಿಸಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರದವರು ಆ ಕಾಯಿದೆಯನ್ನು ತಿದ್ದಿ, ವೈದ್ಯರು ದಾದಿಯರೇ ಮೊದಲಾದವರ ಮೇಲೆ ಕೈಮಾಡುವವರಿಗೆ ಕಠಿಣ ಶಿಕ್ಷೆಯನ್ನು ವಿಧಿಸಿದರು. ಅದು ಯುಕ್ತವಾದ ಕೆಲಸವೇ. ಆದರೆ ಹಳೆಯ ಕೊರತೆಯು ಹಾಗೆಯೇ ಉಳಿಯಿತು.

ಅದರ ಫಲವನ್ನು ಲೆಕ್ಕದಲ್ಲಿಯೇ ಕಾಣಬಹುದು. 2020 ಮತ್ತು 2021ನೆಯ ವರ್ಷಗಳಲ್ಲಿ ಭಾರತದಲ್ಲಿ ಕೋವಿಡ್‌ನಿಂದ ಸತ್ತವರು ಸುಮಾರು 4 ಲಕ್ಷ 80 ಸಾವಿರವೆಂದು ಸರ್ಕಾರದ ಲೆಕ್ಕವು ಹೇಳಿತು. ಅದೇ ಅವಧಿಯಲ್ಲಿ ವಾಡಿಕೆಗಿಂತ ಹೆಚ್ಚಾಗಿ ಸಂಭವಿಸಿದ ಸಾವುಗಳು ಸುಮಾರು 47 ಲಕ್ಷವೆಂದು 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಅಂದಾಜು ಮಾಡಿದರು. ನಮ್ಮ ಸರ್ಕಾರದವರು ಅದನ್ನು ಒಪ್ಪಲಿಲ್ಲ. ಅಂದಾಜಿನಲ್ಲಿ ವ್ಯತ್ಯಾಸವಿರಬಹುದು. ಆದರೆ ಎರಡು ಸಂಖ್ಯೆಗಳ ನಡುವೆ ಹತ್ತುಪಟ್ಟು ಅಂತರವಿರುವಾಗ, ತನ್ನ ಮನೆಯಲ್ಲಿ ಸಾವನ್ನು ಕಂಡವನು ಯಾವುದನ್ನು ನಂಬಬೇಕು? ಪರಸರ್ಕಾರವು ಜನರಿಂದ ಸತ್ಯವನ್ನು ಮರೆಮಾಡಿದರೆ ಆಶ್ಚರ್ಯವಿಲ್ಲ. ನಮ್ಮವರೇ ಆಳುವ ಸರ್ಕಾರಕ್ಕೆ ಆ ನೆಪವು ಸಲ್ಲದು.

ಇನ್ನು ನಾಗರಿಕರ ಕರ್ತವ್ಯವನ್ನು ಹೇಳುವೆವು. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡೆಂದು ನಮ್ಮ ಹಿರಿಯರು ಹೇಳಿದ್ದಾರೆ. ಸುದ್ದಿಯು ಕೈಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ಇದನ್ನು ಹೇಳಿದವರು ಯಾರು? ಹೇಳಿದ್ದು ಯಾವಾಗ? ಆರೋಗ್ಯ ಇಲಾಖೆಯ ಪ್ರಕಟಣೆಯಾಗಲಿ ಬಲ್ಲ ವೈದ್ಯರಾಗಲಿ ಇದನ್ನು ಅನುಮೋದಿಸುವರೇ? ಉತ್ತರವು ದೊರೆಯದ ಸುದ್ದಿಯನ್ನು ಮುಂದಕ್ಕೆ ಕಳುಹಿಸಬಾರದು. ಎರಡನೆಯ ಪ್ರಶ್ನೆಯು ಬಹಳ ಮುಖ್ಯವಾದುದು. ಬಟ್ಟೆಯ ಮುಖಗವಸನ್ನು ಎಲ್ಲರೂ ಧರಿಸಬೇಕೆಂದು ಮೊದಲು ಹೇಳದಿದ್ದ ವಿಶ್ವ ಆರೋಗ್ಯ ಸಂಸ್ಥೆಯವರು, ರೋಗವು ಹರಡುತ್ತಿರುವ ಕಡೆಗಳಲ್ಲಿ ಅದನ್ನು ಧರಿಸುವುದು ಉಚಿತವೆಂದು 2020ರ ಜೂನಿನಲ್ಲಿ ಹೇಳಿದರು. ಅರಿವು ಹೆಚ್ಚಿದಾಗ ಸಲಹೆಯು ಬದಲಾಗುವುದು ವಂಚನೆಯಲ್ಲ. ಬದಲಾದುದು ಏಕೆಂಬುದನ್ನು ತಿಳಿಸದಿರುವುದು ಮಾತ್ರ ದೋಷವು.

ದೃಢಪಟ್ಟ ಸಂಗತಿಗಳು ಕೆಲವಿವೆ. ಅವುಗಳಿಗೆ ಹಣವೂ ಹೆಚ್ಚು ಬೇಡ. ಈ ರೋಗವು ಮುಖ್ಯವಾಗಿ ಉಸಿರಿನ ಗಾಳಿಯಿಂದ ಹರಡುವುದಾದ್ದರಿಂದ ಕಿಟಕಿ ಬಾಗಿಲುಗಳನ್ನು ತೆರೆದಿಡುವುದು, ಜನಸಂದಣಿಯಲ್ಲಿ ಮೂಗು ಬಾಯಿಗಳೆರಡನ್ನೂ ಮುಚ್ಚುವ ಮುಖಗವಸನ್ನು ಧರಿಸುವುದು, ಜ್ವರ ಕೆಮ್ಮು ಇರುವವರು ಕಚೇರಿಗೂ ಮದುವೆಗೂ ಹೋಗದಿರುವುದು ಆವಶ್ಯಕವು. ಸಾಬೂನು ವೈರಾಣುವಿನ ಕೊಬ್ಬಿನ ಹೊದಿಕೆಯನ್ನು ಒಡೆಯುತ್ತದೆ. ಬ್ಯಾಕ್ಟೀರಿಯಗಳನ್ನು ಕೊಲ್ಲುವ ಆಂಟಿಬಯಾಟಿಕ್ ಮಾತ್ರೆಗಳು ವೈರಾಣುವನ್ನು ಕೊಲ್ಲವು. ರಕ್ತದ ಆಮ್ಲಜನಕವು ನೂರಕ್ಕೆ 94ಕ್ಕಿಂತ ಕೆಳಗಿಳಿದರೆ ಮನೆಮದ್ದನ್ನು ಬಿಟ್ಟು ವೈದ್ಯರ ಬಳಿಗೆ ಧಾವಿಸತಕ್ಕದ್ದು. 2021ರ ಜನವರಿ 16ರಂದು ನಮ್ಮ ದೇಶದಲ್ಲಿ ಆರಂಭವಾದ ಲಸಿಕೆಯ ಕಾರ್ಯವು ಅಸಂಖ್ಯಾತ ಜೀವಗಳನ್ನು ಉಳಿಸಿತು.

ಅಧಿಕಾರಿವರ್ಗದವರಲ್ಲಿ ನಮ್ಮ ಬಿನ್ನಹವಿಷ್ಟೆ. ಮುಂದಿನ ಜಾಡ್ಯವು ಬರುವುದಕ್ಕೆ ಮುಂಚೆಯೇ, ಪ್ರತಿಯೊಂದು ತಾಲ್ಲೂಕಿನಲ್ಲಿಯೂ ರೋಗ ಸಾವುಗಳ ನಿಜವಾದ ಲೆಕ್ಕವನ್ನು, ಖಾಲಿ ಇರುವ ಹಾಸಿಗೆಗಳ ಸಂಖ್ಯೆಯನ್ನು, ತಿಳಿಯದ ವಿಷಯವನ್ನು ತಿಳಿಯದೆಂದೇ ಒಪ್ಪಿ, ತಿಳಿಗನ್ನಡದಲ್ಲಿ ದಿನವೂ ಪ್ರಕಟಿಸುವ ಏರ್ಪಾಡು ಆಗಲಿ. ಕಹಿಸತ್ಯವನ್ನು ಕೇಳಿ ಜನರು ಕಂಗೆಡುವರೆಂಬ ಭಯವು ಬೇಡ. ಸತ್ತವರನ್ನು ತಾವೇ ಹೊತ್ತು ಸಾಗಿಸಿದ ಜನರು ಸತ್ಯವನ್ನು ಹೊರಲಾರರೇ?