ಹಾಯಿ ಕಿರಿದಾಗಿಸುವುದೂ ಧೈರ್ಯವೇ

ಭಾರತೀಯ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಭೂಮಂಡಲವನ್ನು ಸುತ್ತಿಬಂದದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ 2017ರ ಸೆಪ್ಟೆಂಬರ್ 10ರಂದು ಗೋವಾದಿಂದ ಹೊರಟ ಅವರು 254 ದಿನಗಳ ತರುವಾಯ, 2018ರ ಮೇ 21ರಂದು ಅಲ್ಲಿಗೇ ಮರಳಿದರು. ನಾವು ಹೆಚ್ಚಾಗಿ ಕೊಂಡಾಡಿದ್ದು ಅವರು ಎದುರಿಸಿದ ಬಿರುಗಾಳಿಯನ್ನು. ನನಗಾದರೋ, ಬಿರುಗಾಳಿಗೆ ಮೊದಲು ಕೈಗೊಳ್ಳುವ ಸಣ್ಣ ನಿರ್ಧಾರಗಳೇ ಹೆಚ್ಚು ಗಮನಾರ್ಹವೆನಿಸುತ್ತವೆ.

ಮೊದಲನೆಯ ನಿರ್ಧಾರ ಪಂಚಾಂಗದ್ದು. ಮುಂಗಾರಿನ ಅಬ್ಬರ ತಗ್ಗಿದ ಸೆಪ್ಟೆಂಬರಿನಲ್ಲಿ ಹೊರಟುದರಿಂದ, ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಅನ್ನು ಜನವರಿಯಲ್ಲಿ, ಎಂದರೆ ಅಲ್ಲಿಯ ಬೇಸಿಗೆಯಲ್ಲಿ, ದಾಟಲು ಸಾಧ್ಯವಾಯಿತು.

ಇನ್ನು ದಿನಚರಿ. ದೋಣಿಯಲ್ಲಿ ಹಗಲಿರುಳೆನ್ನದೆ ಪಾಳಿಯ ಕಾವಲು, ನಿದ್ರೆ ತುಂಡುತುಂಡು. ವಾಲಿದ ಅಡುಗೆಮನೆಯಲ್ಲಿ ಒಲೆಯೂ ತೂಗುತ್ತಿರಬೇಕು, ಇಲ್ಲವಾದರೆ ಪಾತ್ರೆ ನಿಲ್ಲದು. ಗಾಳಿಯ ದಿಕ್ಕು, ವೇಗ, ವಾಯುಭಾರಮಾಪಕದ ಅಂಕಿಗಳನ್ನು ತಪ್ಪದೆ ಬರೆದಿಡಬೇಕು. ಒಂದು ಅಂಕಿಯಿಂದ ತಿಳಿಯುವುದು ಅಲ್ಪ. ಒತ್ತಡ ಎಷ್ಟು ಬೇಗ ಕುಸಿಯುತ್ತಿದೆಯೆಂಬುದು ಮುಖ್ಯ. ದಕ್ಷಿಣ ಸಾಗರದಲ್ಲಿ ಧ್ರುವದ ಕಡೆಗೆ ಸರಿದರೆ ದಾರಿ ಕಿರಿದು, ಆದರೆ ಚಳಿಯೂ ಬಿರುಗಾಳಿಯೂ ಹೆಚ್ಚು; ಉತ್ತರಕ್ಕೆ ಸರಿದರೆ ದಾರಿ ದೀರ್ಘ. ಈ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕು.

ಗಾಳಿ ಬಲಿಯುವ ಮೊದಲೇ ಹಾಯಿಯ ಒಂದು ಭಾಗವನ್ನು ಇಳಿಸಿ ಕಟ್ಟಿ, ಅದನ್ನು ಕಿರಿದುಗೊಳಿಸುವುದು ನಾವಿಕರ ಕ್ರಮ. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಗಂಟೆಗೆ 30 ಕಿ.ಮೀ. ಗಾಳಿಯಲ್ಲಿ ಸುಲಭವಾದ ಕೆಲಸ, 60 ಕಿ.ಮೀ. ಗಾಳಿಯಲ್ಲಿ, ಕತ್ತಲೆಯಲ್ಲಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮಾಡುವಾಗ ಪ್ರಾಣಾಪಾಯವಾಗಬಹುದು. ಆದ್ದರಿಂದಲೇ, ಹಾಯಿ ಕಿರಿದುಗೊಳಿಸಬೇಕೇ ಎಂಬ ಯೋಚನೆ ಬಂದ ಕ್ಷಣವೇ ಅದಕ್ಕೆ ಸಕಾಲವೆಂದು ನಾವಿಕರು ಹೇಳುತ್ತಾರೆ. ಅಟ್ಟ ಮೇಲೆ ಒಲೆ ಉರಿದರೆ ಪ್ರಯೋಜನವೇನು?

ಎಚ್ಚರವಿದ್ದರೆ ಆಪತ್ತೇ ಬಾರದೆಂದು ನಾನು ಹೇಳಲಾರೆ. 2013ರಲ್ಲಿ ಒಬ್ಬರೇ, ಎಲ್ಲಿಯೂ ತಂಗದೆ, ಪ್ರದಕ್ಷಿಣೆ ಮುಗಿಸಿದ್ದ ಅಭಿಲಾಷ್ ಟೋಮಿಯವರ ದೋಣಿ 2018ರ ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಹಾಯಿಕಂಬ ಮುರಿಯಿತು. ಬೆನ್ನುಮೂಳೆಗೆ ಪೆಟ್ಟಾಗಿ ಅವರು ಮಲಗಿದಲ್ಲಿಂದ ಏಳಲಾರದಾದರು. ಮೂರು ದಿನಗಳ ತರುವಾಯ ಫ್ರಾನ್ಸಿನ ಮೀನುಗಾರಿಕಾ ಗಸ್ತು ಹಡಗೊಂದು ಅವರನ್ನು ರಕ್ಷಿಸಿತು. ಅದೇ ಸ್ಪರ್ಧೆಯನ್ನು ಮತ್ತೆ ಎದುರಿಸಿ 2023ರಲ್ಲಿ ಅವರು ಎರಡನೆಯವರಾಗಿ ಗುರಿ ಮುಟ್ಟಿದರು. ಸಮುದ್ರ ಯಾರಿಗೂ ಭರವಸೆ ಕೊಡುವುದಿಲ್ಲ. ಎಚ್ಚರಿಕೆಯಿಂದ ಅಪಾಯ ಕಡಿಮೆಯಾದೀತು, ಅಷ್ಟೆ.

ತರಗತಿಯಲ್ಲಿ ನಾನು ವರ್ಷಗಟ್ಟಲೆ “ಹಿಂಜರಿಯಬೇಡಿ, ಮುನ್ನುಗ್ಗಿ” ಎಂದೇ ಬೋಧಿಸಿದೆ. ಯಾವಾಗ ವೇಗ ತಗ್ಗಿಸಬೇಕೆಂದು ಒಮ್ಮೆಯೂ ಹೇಳಿಕೊಟ್ಟ ನೆನಪಿಲ್ಲ. ಈಗ ನಿಮ್ಮಲ್ಲಿ ಕೆಲವರು ನಿದ್ರೆಗೆಟ್ಟು ದುಡಿಯುವ, ಸಾಲದ ಮೇಲೆ ಸಾಲ ಹೊರುವ ಸುದ್ದಿ ಕೇಳಿದಾಗ, ನನ್ನ ಪಾಠದ ಕೊರತೆಯೂ ಅದರಲ್ಲಿ ಸೇರಿರಬಹುದೇ ಎಂದು ಮನಸ್ಸು ಕುಟುಕುತ್ತದೆ. ಹಾಯಿಯನ್ನು ಕಿರಿದುಗೊಳಿಸಿದ ದೋಣಿ ನಿಂತುಬಿಡುವುದಿಲ್ಲ. ತಡವಾಗಿಯಾದರೂ ದಡ ಸೇರುತ್ತದೆ. ಬಿಟ್ಟುಹೋದ ಆ ಪಾಠವನ್ನು ಇಂದು ಇಲ್ಲಿ ಬರೆದಿದ್ದೇನೆ. ದಯವಿಟ್ಟು ನಿಮ್ಮ ಮಕ್ಕಳಿಗೂ ಓದಿ ಹೇಳಿ.