ಹಿತ್ತಿಲ ಮೆಣಸಿನಗಿಡದ ಆಯುಷ್ಯ

ಧರ್ಮಪುರಿ, ಪಾಲಕ್ಕೋಡು, ಪೆನ್ನಾಗರಂ ಕಡೆಯ ಹೊಲಗಳಲ್ಲಾಗಲಿ, ಸೇಲಂ ನಗರದ ಮನೆಗಳ ಹಿತ್ತಿಲಲ್ಲಾಗಲಿ, ಆಷಾಢದ ಮಳೆಗೆ ನೆಟ್ಟ ಮೆಣಸಿನಗಿಡವನ್ನು ಫಾಲ್ಗುಣದ ಬಿಸಿಲು ಏರುವ ಹೊತ್ತಿಗೆ, ಕಾಯಿ ಸಣ್ಣದಾಯಿತೆಂದೂ ಎಲೆ ಬಾಡಿತೆಂದೂ ಹೇಳಿ ಬುಡಸಮೇತ ಕಿತ್ತು ತಿಪ್ಪೆಗೆ ಹಾಕುವುದು ಬಹುಕಾಲದಿಂದ ನಡೆದುಬಂದ ರೂಢಿ. ಹೊಲದ ಮಟ್ಟಿಗೆ ಈ ರೂಢಿಗೆ ಬಲವಾದ ಕಾರಣವುಂಟು. ಅದನ್ನು ಮುಂದೆ ಹೇಳುವೆನು. ಆದರೆ ನಾಲ್ಕಾರು ಗಿಡಗಳನ್ನಷ್ಟೇ ಸಾಕುವ ಗೃಹಸ್ಥರು ಕೂಡ ಹೊಲದ ಕ್ರಮವನ್ನೇ ಕಣ್ಣುಮುಚ್ಚಿ ಅನುಸರಿಸಿ, ಇನ್ನೂ ಎರಡು ಮೂರು ವರ್ಷ ಫಲ ಕೊಡಬಲ್ಲ ಗಿಡವನ್ನು ಅಕಾಲದಲ್ಲಿ ಕೊನೆಗಾಣಿಸುವುದು ಅನವಶ್ಯಕವಾದ ನಷ್ಟವೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೆಣಸಿನಗಿಡ ಸ್ವಭಾವತಃ ಬಹುವಾರ್ಷಿಕವಾದ ಪೊದೆ. ಅಮೆರಿಕ ಖಂಡದ ಉಷ್ಣಪ್ರದೇಶಗಳಲ್ಲಿ ಹುಟ್ಟಿ, 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳೊಡನೆ ನಮ್ಮ ಕರಾವಳಿಗೆ ಬಂದಿಳಿದ ಈ ಸಸ್ಯವು, ಹಿಮ ಬೀಳುವ ಶೀತದೇಶಗಳಲ್ಲಿ ಮಾತ್ರ ಒಂದು ಬೇಸಗೆಯ ಬಾಳನ್ನು ಬಾಳಿ ಸಾಯುತ್ತದೆ. ಅಂಥ ದೇಶಗಳಲ್ಲಿಯೂ ಗಿಡದ ಮೇಲೆ ಅಕ್ಕರೆಯುಳ್ಳ ತೋಟಗಾರರು ಅದನ್ನು ಸಾಯಗೊಡುವುದಿಲ್ಲ: ಶರತ್ಕಾಲದ ಕೊನೆಗೆ ರೆಂಬೆಗಳನ್ನೆಲ್ಲ ಸವರಿ, ಬೇರನ್ನು ಮಣ್ಣಿನ ಕುಂಡಕ್ಕೆ ಇಳಿಸಿ, 10 ಡಿಗ್ರಿಗಿಂತ ಕಡಿಮೆಯಾಗದ ಶಾಖದಲ್ಲಿ ಮನೆಯೊಳಗಿನ ಕಿಟಕಿಯ ಬಳಿ ಇರಿಸಿಕೊಂಡು, ವಸಂತದಲ್ಲಿ ಮತ್ತೆ ತೋಟಕ್ಕೆ ಒಯ್ಯುತ್ತಾರೆ. ಹಿಮದ ಭಯವೇ ಇಲ್ಲದ ನಾಡಿನಲ್ಲಿ ನಾವು ಅದನ್ನು ಕಿತ್ತೆಸೆಯುತ್ತಿದ್ದೇವೆ. ನಮ್ಮ ಮಲೆನಾಡು ಕೊಡಗುಗಳ ಹಿತ್ತಿಲುಗಳಲ್ಲಿ ಸೂಜಿಮೆಣಸಿನ ಗಿಡಗಳು ಆಳೆತ್ತರಕ್ಕೆ ಬೆಳೆದು, ವರ್ಷದ ಮೇಲೆ ವರ್ಷ ಕಾಯಿ ಬಿಡುತ್ತ ನಿಂತಿರುವುದನ್ನು ಕಂಡವರಿಗೆ ಈ ಮಾತಿಗೆ ಬೇರೆ ಪ್ರಮಾಣ ಬೇಕಾಗಲಾರದು.

ಸೇಲಂ ಧರ್ಮಪುರಿಗಳಲ್ಲಿ ಗಿಡದ ನಿಜವಾದ ಶತ್ರು ಗ್ರೀಷ್ಮ. ಹಗಲಿನ ಶಾಖ 35 ಡಿಗ್ರಿಯನ್ನು ಮೀರಿತೆಂದರೆ ಮೆಣಸಿನ ಹೂವು ಕಾಯಿಕಟ್ಟದೆ ಉದುರತೊಡಗುವುದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಈ ಸೀಮೆಯ ಮಧ್ಯಾಹ್ನದ ಬಿಸಿಲು ಆ ಎಲ್ಲೆಯನ್ನು ದಿನದಿನವೂ ದಾಟುತ್ತದೆ. ಹೂವುದುರಿದ ಗಿಡವನ್ನು ನೋಡಿ ಅದಕ್ಕೆ ವಯಸ್ಸಾಯಿತೆಂದು ಜನ ತಿಳಿಯುತ್ತಾರೆ. ವಯಸ್ಸಾದುದಲ್ಲ, ವಿಶ್ರಾಂತಿಯನ್ನು ಬೇಡುತ್ತಿರುವುದು. ಆದ್ದರಿಂದ ಶೀತದೇಶದವರು ಚಳಿಗಾಲಕ್ಕೆ ಮಾಡುವ ಉಪಚಾರವನ್ನು ನಾವು ಬೇಸಗೆಗೆ ಮಾಡತಕ್ಕದ್ದು.

ಕ್ರಮ ಕಠಿಣವಾದುದಲ್ಲ. ಫೆಬ್ರವರಿಯ ಕೊನೆಯಲ್ಲಿ ಗಿಡದಲ್ಲುಳಿದ ಕಾಯಿಗಳನ್ನೆಲ್ಲ ಬಿಡಿಸಿ, ನುಸಿ ಹತ್ತಿದ ತುದಿಗಳನ್ನು ಚಿವುಟಿ, ಪಾತಿಗೆ ಒಣ ತರಗನ್ನೋ ಕಬ್ಬಿನ ಸೋಗೆಯನ್ನೋ ದಪ್ಪವಾಗಿ ಹೊದಿಸಿ, ಮಧ್ಯಾಹ್ನದ ಬಿಸಿಲಿಗೆ ತೆಂಗಿನ ಗರಿಯ ಮರೆ ಕಟ್ಟಬೇಕು. ಈ ದಿನಗಳಲ್ಲಿ ಗಿಡವನ್ನು ಪೂರ್ತಿಯಾಗಿ ಸವರಕೂಡದು. ಬರಿದಾದ ಕಾಂಡ ಬಿಸಿಲಿಗೆ ಬೆಂದುಹೋಗುತ್ತದೆ. ಗೊಬ್ಬರವನ್ನೂ ಹಾಕಲಾಗದು, ಬದುಕುವಷ್ಟು ನೀರು ಸಾಕು, ಸೋಪು ಸೇರದ ಅಡುಗೆಮನೆಯ ನೀರಾದರೂ ಆದೀತು. ಬೇಸಗೆಯ ಕೊನೆಗೆ ಎರಡು ಹದಮಳೆ ಬಿದ್ದು ನೆಲ ತಣಿದ ಮೇಲೆ ಗಿಡದ ಬಳಿ ಕುಳಿತು ನೋಡಿದರೆ, ನೆಲದಿಂದ ಗೇಣೆತ್ತರದಲ್ಲಿ ಕಾಂಡವು ಕವಲಾಗಿ ಒಡೆದಿರುವ ಸ್ಥಳ ಕಾಣುವುದು. ಅದರ ಕೆಳಗಿನ ಭಾಗ ಹಸಿರನ್ನು ಕಳೆದುಕೊಂಡು ಬೂದುಬಣ್ಣದ ತೊಗಟೆ ಕಟ್ಟಿ ಮರದಂತಾಗಿರುತ್ತದೆ. ಕವಲಿನ ಮೇಲೆ ಎರಡು ಮೂರು ಗೆಣ್ಣುಗಳನ್ನು ಉಳಿಸಿ, ಹರಿತವಾದ ಕತ್ತರಿಯಿಂದ ಮಿಕ್ಕುದನ್ನು ಓರೆಯಾಗಿ ಕತ್ತರಿಸಿ, ಬುಡದ ಮಣ್ಣನ್ನು ಬೇರಿಗೆ ನೋವಾಗದಂತೆ ಕೆದಕಿ, ಕೊಟ್ಟಿಗೆ ಗೊಬ್ಬರವನ್ನೂ ಹಿಡಿ ಬೇವಿನ ಹಿಂಡಿಯನ್ನೂ ಕೊಟ್ಟರೆ, ಸತ್ತಂತೆ ತೋರುತ್ತಿದ್ದ ಆ ಮೋಟಿನ ಗೆಣ್ಣುಗಳಲ್ಲಿ ಕೆಲವೇ ದಿನಗಳೊಳಗೆ ಸಾಸಿವೆಯಷ್ಟು ಸಣ್ಣ ಹಸಿರು ಕಣ್ಣುಗಳು ಮೂಡುತ್ತವೆ. ಬೀಜದಿಂದ ಬೆಳೆಸುವ ಸಸಿಯಾದರೋ ಮಡಿಯಲ್ಲಿಯೇ 40-45 ದಿನ ಕಳೆಯಬೇಕು; ನಾಟಿಯಾದ ಮೇಲೆ ಹಸಿಕಾಯಿಗೆ ಇನ್ನೆರಡು ತಿಂಗಳಾದರೂ ಕಾಯಬೇಕು. ಬೇರು ಬಲಿತ ಹಳೆಯ ಗಿಡ ಅಷ್ಟರೊಳಗೆ ಅಡುಗೆಗೆ ಕಾಯಿ ಕೊಡುತ್ತಿರುತ್ತದೆ.

ಇನ್ನು ಆಕ್ಷೇಪಣೆಯ ಮಾತು. ಕೃಷಿಶಾಸ್ತ್ರಜ್ಞರು ಹಳೆಯ ಗಿಡವನ್ನು ಹೊಲದಲ್ಲಿ ಉಳಿಸಬಾರದೆನ್ನುತ್ತಾರೆ. ಅವರ ಮಾತು ಸತ್ಯ. ಹಳೆಯ ಗಿಡ ಕೀಟರೋಗಗಳಿಗೆ ಆಶ್ರಯವಾಗುತ್ತದೆಂಬ ಕಾರಣದಿಂದಲೇ ಮದ್ರಾಸ್ ಪ್ರಾಂತದಲ್ಲಿ 1919ರ ಕೃಷಿ ಕೀಟ ಮತ್ತು ರೋಗಗಳ ಕಾನೂನಿನ ಮೇರೆಗೆ ಕಾಂಬೋಡಿಯ ಹತ್ತಿಯ ಗಿಡಗಳನ್ನು ಗೊತ್ತುಪಡಿಸಿದ ದಿನದೊಳಗಾಗಿ ಕೀಳಬೇಕೆಂದು ಸರ್ಕಾರ ವಿಧಿಸಿತ್ತು. ಮೆಣಸಿಗೆ ಬರುವ ಮುಟುರು ರೋಗಕ್ಕೆ ಥ್ರಿಪ್ಸ್ ನುಸಿ, ಮೈಟ್ ನುಸಿಗಳ ಜೊತೆಗೆ ಬಿಳಿನೊಣ ಹರಡುವ ವೈರಸ್ಸೂ ಕಾರಣ. 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೊಲಗಳನ್ನು ಹೊಸ ಜಾತಿಯ ಥ್ರಿಪ್ಸ್ ಹಾಳುಮಾಡಿದುದನ್ನು ರೈತರಾರೂ ಮರೆತಿಲ್ಲ. ಆದಕಾರಣ ಎಕರೆಗಟ್ಟಲೆ ಬೆಳೆಯುವವರು ಗಿಡ ಉಳಿಸುವ ಸಾಹಸಕ್ಕೆ ಕೈಹಾಕದಿರುವುದೇ ಲೇಸು. ಹೊಲಕ್ಕೆ ತಾಗಿದ ಮನೆಯವರೂ ಹಾಗೆಯೇ. ಆದರೆ ಊರೊಳಗಿನ ಹಿತ್ತಿಲಲ್ಲಿ, ತಾರಸಿಯ ಕುಂಡದಲ್ಲಿ, ಪ್ರತಿಯೊಂದು ಎಲೆಯನ್ನೂ ಮಗುಚಿ ನೋಡುವುದು ಸಾಧ್ಯ. ನುಸಿಯಿಂದ ಮುದುಡಿದ ಗಿಡ ಸವರಿದ ಮೇಲೆ ಚೇತರಿಸಿಕೊಳ್ಳುತ್ತದೆ. ಹೊಸ ಚಿಗುರೂ ಹಳದಿಯಾಗಿ ಗಿಡ್ಡವಾಗಿಯೇ ಹೊರಟರೆ ವೈರಸ್ಸೆಂದು ತಿಳಿದು ದಾಕ್ಷಿಣ್ಯವಿಲ್ಲದೆ ಕಿತ್ತು ಸುಡತಕ್ಕದ್ದು.

ಗಿಡವನ್ನು ಸವರಿ ಆಯುಷ್ಯ ಬೆಳೆಸುವ ವಿದ್ಯೆ ಸೇಲಂ ಜಿಲ್ಲೆಗೆ ಹೊಸತೂ ಅಲ್ಲ. 1820ರ ದಶಕದಲ್ಲಿ ಸೇಲಮಿನ ಕಲೆಕ್ಟರಾಗಿದ್ದ ಎಂ.ಡಿ. ಕಾಕ್‌ಬರ್ನ್ ಏರ್ಕಾಡಿನ ಬೆಟ್ಟಕ್ಕೆ ಕಾಫಿ ತಂದ ಮೇಲೆ, ಕೊಯ್ಲಾದೊಡನೆ ರೆಂಬೆ ಸವರುವುದು ಅಲ್ಲಿಯ ಕೂಲಿಯಾಳುಗಳಿಗೆ ವರ್ಷವರ್ಷದ ಕಾಯಕವಾಗಿದೆ. ಅದೇ ತೋಟಗಳ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಕರಿಮೆಣಸಿನ ಬಳ್ಳಿಯನ್ನು ಒಂದು ಕೊಯ್ಲಿಗೆ ಕೀಳಬೇಕೆಂದು ಯಾರೂ ಎಣಿಸುವುದಿಲ್ಲ. ಬೆಟ್ಟದ ಮೇಲಿರುವ ಈ ವಿವೇಕ ಬುಡದ ಊರುಗಳಿಗೆ ಇಳಿದು ಬಂದಿಲ್ಲವಷ್ಟೇ. ತಾರಸಿ ತೋಟಕ್ಕೆಂದು ತಮಿಳುನಾಡು ಸರ್ಕಾರ ಬೀಜ, ಕುಂಡದ ಚೀಲಗಳನ್ನು ರಿಯಾಯಿತಿ ದರದಲ್ಲಿ ಹಂಚುವುದು ಮೆಚ್ಚತಕ್ಕ ಕಾರ್ಯ. ಬೀಜ ಬಿತ್ತುವುದನ್ನು ಹೇಳಿಕೊಟ್ಟಂತೆ ಗಿಡ ಸವರುವುದನ್ನೂ ಹೇಳಿಕೊಡಬೇಡವೆ? ಧರ್ಮಪುರಿಯ ಪಾಪ್ಪಾರಪಟ್ಟಿಯಲ್ಲಿಯೂ ಸೇಲಮಿನ ಸಂದಿಯೂರಿನಲ್ಲಿಯೂ ಇರುವ ಕೃಷಿ ವಿಜ್ಞಾನ ಕೇಂದ್ರಗಳು ಮುಂಗಾರಿನ ಆರಂಭದಲ್ಲಿ ಒಂದು ದಿನ ಮಹಿಳೆಯರನ್ನು ಕರೆಸಿ, ಕತ್ತರಿ ಹಿಡಿದು ಪ್ರತ್ಯಕ್ಷವಾಗಿ ತೋರಿಸಿಕೊಡಲೆಂದು ಕೇಳಿಕೊಳ್ಳುತ್ತೇನೆ.

ಮೂರನೆಯ ವರ್ಷದ ಹೊತ್ತಿಗೆ ಫಸಲು ಇಳಿಯುವುದು ಸಹಜ. ಆಗ ಗಿಡ ಬದಲಾಯಿಸಬಹುದು. ಅದಕ್ಕೆ ಮೊದಲು, ಈ ಬೇಸಗೆ ಬಂದಾಗ, ಓದುಗರು ತಮ್ಮ ಹಿತ್ತಿಲಲ್ಲಿ ರೋಗವಿಲ್ಲದ ಎರಡು ಗಿಡಗಳನ್ನಾದರೂ ಕೀಳದೆ ಉಳಿಸಿಕೊಳ್ಳಲಿ.